ನಮ್ಮ ಕಡೆ ನೋಡುವುದೇನಿದೆ?

(ಪ್ರವಾಸ ಮತ್ತು ಸ್ಥಳೀಯ ಇತಿಹಾಸ ಕುರಿತು ಚಿಕ್ಕೋಡಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಪ್ರವಾಸದ ಮಾತು ಬಂದಾಗಲೆಲ್ಲ ನಮ್ಮ ಭಾಗದ ಜನ ಕೇಳುವ ಪ್ರಶ್ನೆ ಒಂದೇ: “ನಮ್ಮ ಕಡೆ ನೋಡೂದರ ಏನೈತ್ರಿ?” ಥಂಡಿ ಹವೆಗೆ ಮಹಾಬಳೇಶ್ವರ, ಕೋಟೆಗೆ ಪನ್ಹಾಳ, ಗುಮ್ಮಟಕ್ಕೆ ವಿಜಾಪುರ, ಉದ್ಯಾನಕ್ಕೆ ಮೈಸೂರು ಎಂದು ನಾವೇ ಹಂಚಿಟ್ಟಿದ್ದೇವೆ. ಮಕ್ಕಳು ಇಂಗ್ಲೆಂಡಿನಲ್ಲಿ ನೌಕರಿಗಿದ್ದರೆ ಸ್ಕಾಟ್ಲೆಂಡಿಗೂ ಹೋಗಿ ಬರುವವರಿದ್ದಾರೆ. ಹಾಗೆ ಬಂದವರು ತೋರಿಸುವ ಫೋಟೋಗಳಲ್ಲಿ ಮೂರು ಸಂಗತಿಗಳು ತಪ್ಪದೆ ಇರುತ್ತವೆ: ಬೆಟ್ಟಗಳ ನಡುವೆ ನಿಂತ ನೀರು, ನೀರಿನ ಅಂಚಿನಲ್ಲೊಂದು ಕೋಟೆ, ಅದರ ಸುತ್ತ ಹೂದೋಟ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಇವುಗಳಿಗೆ ಸಮನಾದದ್ದು ಏನಿದೆ ಎಂದು ಇಂದು ನೋಡೋಣ.

ಮೊದಲೇ ಒಂದು ಮಾತು. ನೋಡುವಂಥ ಸ್ಥಳ ತಾನಾಗಿ ಹುಟ್ಟುವುದಿಲ್ಲ. ಅದರ ಕಥೆಯನ್ನು ಯಾರೋ ಹೇಳಬೇಕು, ಅದನ್ನು ಯಾರೋ ಕಾಯಬೇಕು, ನೋಡುವವನ ಹತ್ತಿರ ಸಾವಕಾಶ ಇರಬೇಕು. ಈ ಮೂರೂ ಕೂಡಿದ ಕಡೆ ಸಾಧಾರಣ ದಿಬ್ಬವೂ ಪ್ರೇಕ್ಷಣೀಯವಾಗುತ್ತದೆ. ಸ್ಕಾಟ್ಲೆಂಡಿನ ಇತಿಹಾಸವೇ ಇದಕ್ಕೆ ಸಾಕ್ಷಿ.

ಅಲ್ಲಿನವರು ಸರೋವರಕ್ಕೆ ಲಾಖ್ ಎನ್ನುತ್ತಾರೆ. ಹಿಮನದಿಗಳು ಕೊರೆದ ಕಣಿವೆಗಳಲ್ಲಿ ನೀರು ನಿಂತು ಆದ ಸರೋವರಗಳು ಅವು. ಹದಿನೆಂಟನೆಯ ಶತಮಾನದ ನಡುವಿನ ತನಕ ಆ ಬೆಟ್ಟಸೀಮೆಯೆಂದರೆ ಹೊರಗಿನವರಿಗೆ ದಂಗೆಕೋರರ ನಾಡು, ಹೋಗಬಾರದ ನಾಡು. ಆಮೇಲೆ ಅತ್ತ ಸುಳಿಯತೊಡಗಿದ ಯಾತ್ರಿಕರು ಕೆಲವರು ಮಾತ್ರ. 1810ರಲ್ಲಿ ಸರ್ ವಾಲ್ಟರ್ ಸ್ಕಾಟ್ ‘ದಿ ಲೇಡಿ ಆಫ್ ದಿ ಲೇಕ್’ ಎಂಬ ಕಥನಕಾವ್ಯ ಪ್ರಕಟಿಸಿದ. ಕಥೆ ನಡೆಯುವುದು ಲಾಖ್ ಕ್ಯಾಟ್ರಿನ್ ಎಂಬ ಸರೋವರದ ದಂಡೆಯಲ್ಲಿ. ಆ ಪುಸ್ತಕ ಓದಿದವರು ಗಾಡಿ ಕಟ್ಟಿಸಿಕೊಂಡು ಸರೋವರ ನೋಡಲು ಗುಂಪುಗುಂಪಾಗಿ ಹೊರಟರು. 1846ರಲ್ಲಿ ಥಾಮಸ್ ಕುಕ್ ಸ್ಕಾಟ್ಲೆಂಡಿಗೆ ತನ್ನ ಮೊದಲ ಸಾಮೂಹಿಕ ಪ್ರವಾಸ ಏರ್ಪಡಿಸಿದ. ನೀರು ಸಾವಿರಾರು ವರ್ಷಗಳಿಂದ ಅಲ್ಲಿಯೇ ಇತ್ತು. ಕಾವ್ಯ ಬಂದ ಮೇಲೆ ಅದು ನೋಟವಾಯಿತು. ಅದೇ ಸರೋವರದಿಂದ 1859ರಲ್ಲಿ ಗ್ಲಾಸ್ಗೋ ನಗರಕ್ಕೆ ಕುಡಿಯುವ ನೀರು ಹರಿಯತೊಡಗಿತು, ಇಂದಿಗೂ ಹರಿಯುತ್ತಿದೆ. ಹೀಗೆ ನೋಡುವ ನೀರು, ಕುಡಿಯುವ ನೀರು ಎರಡೂ ಒಂದೇ ಆದ್ದರಿಂದ ಅದನ್ನು ಕಾಯುವುದು ಊರಿನ ಕೆಲಸವೂ ಆಯಿತು.

ಕೋಟೆಯ ಮಾತೂ ಹೀಗೆಯೇ. ಕ್ಯಾಲೆಂಡರುಗಳಲ್ಲಿ ಮೇಲಿಂದ ಮೇಲೆ ಕಾಣುವ ಐಲೀನ್ ಡೊನನ್ ಕೋಟೆಯನ್ನು 1719ರಲ್ಲಿ ಬ್ರಿಟಿಷ್ ಸರಕಾರದ ಯುದ್ಧನೌಕೆಗಳು ಹಾಳುಗೆಡವಿದವು. ಇನ್ನೂರು ವರ್ಷ ಅದು ಕಲ್ಲುಗುಪ್ಪೆಯಾಗಿ ಬಿದ್ದಿತ್ತು. ಈಗ ಜನ ನೋಡಿ ಬೆರಗಾಗುವ ಕಟ್ಟಡ 1919ರಿಂದ 1932ರ ತನಕ ಮರಳಿ ಕಟ್ಟಿದ್ದು. ವಾಯವ್ಯ ಕರಾವಳಿಯ ಇನ್ವರ್ಯೂ ತೋಟ ಇದ್ದದ್ದು ಬರಿ ಬಂಡೆ. 1862ರಲ್ಲಿ ಆ ಜಾಗ ಪಡೆದ ಆಸ್ಗುಡ್ ಮೆಕೆಂಜಿ ಬುಟ್ಟಿಗಳಲ್ಲಿ ಮಣ್ಣು ಹೊರಿಸಿ ಹಾಕಿಸಿ, ಕಡಲಗಾಳಿಗೆ ತಡೆಯಾಗಿ ಮರ ಬೆಳೆಸಿ, ಆಮೇಲೆ ಹೂಗಿಡ ಹಚ್ಚಿದ. 1952ರಲ್ಲಿ ಅವನ ಮಗಳು ಅದನ್ನು 1931ರಲ್ಲಿ ಸ್ಥಾಪನೆಯಾದ ಸ್ಕಾಟ್ಲೆಂಡಿನ ನ್ಯಾಷನಲ್ ಟ್ರಸ್ಟಿಗೆ ಒಪ್ಪಿಸಿದಳು.

ಇದರಲ್ಲೊಂದು ನೋವಿನ ಎಳೆಯೂ ಇದೆ. ಫೋಟೋದಲ್ಲಿ ಆ ಬೆಟ್ಟಗಳು ನಿರ್ಜನವಾಗಿ, ಶಾಂತವಾಗಿ ಕಾಣುತ್ತವೆ. ಆದರೆ ಒಂದು ಕಾಲಕ್ಕೆ ಅಲ್ಲಿ ಊರುಗಳಿದ್ದವು. ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಕುರಿ ಸಾಕಣೆಯಿಂದ ಹೆಚ್ಚಿನ ಆದಾಯ ಬರುತ್ತದೆಂದು ಜಮೀನ್ದಾರರು ರೈತರನ್ನು ಒಕ್ಕಲೆಬ್ಬಿಸಿದರು. ಎಷ್ಟೋ ಮನೆತನಗಳು ಕಡಲಂಚಿಗೆ, ಕೆನಡಾಕ್ಕೆ ಹೋಗಬೇಕಾಯಿತು. ನಮಗೆ ಚೆಲುವಾಗಿ ತೋರುವ ಆ ಬರಿದು ಹಲವು ಕಡೆ ಜನರನ್ನು ಕಳಿಸಿದ ಬರಿದು. ಸ್ಕಾಟ್ಲೆಂಡನ್ನು ಹೊಗಳುವಾಗ ಇದನ್ನೂ ನೆನಪಿಡಬೇಕು. ನಮ್ಮ ನದಿ ದಂಡೆಗಳಲ್ಲಿ ಆ ಬಗೆಯ ನಿರ್ಜನ ಶಾಂತಿ ಸಿಗುವುದಿಲ್ಲ. ಇಲ್ಲಿ ಕಬ್ಬಿದೆ, ಪಂಪ್‌ಸೆಟ್ಟಿದೆ, ಎಮ್ಮೆಗಳಿವೆ, ಜನರಿದ್ದಾರೆ. ಅದನ್ನು ಕೊರತೆಯೆಂದು ತಿಳಿಯಬೇಕಾಗಿಲ್ಲ.

ಆ ನಾಡಿಗೂ ನಮಗೂ ಹಳೆಯ ಸಂಬಂಧವಿದೆ. 1818ರಲ್ಲಿ ಬೆಳಗಾವಿ ಕೋಟೆ ಹಿಡಿದ ಥಾಮಸ್ ಮನ್ರೋ ಗ್ಲಾಸ್ಗೋದವನು. ಪೇಶ್ವೆಯ ರಾಜ್ಯ ಬಿದ್ದ ಮೇಲೆ ಈ ಸೀಮೆಯ ದೇಸಾಯಿ, ಜಹಗೀರದಾರರೊಡನೆ ಕರಾರು ಕುದುರಿಸಿದ ಎಲ್ಫಿನ್‌ಸ್ಟನ್ ಕೂಡ ಸ್ಕಾಟ್ ಮನೆತನದವನೇ. ಪಶ್ಚಿಮ ಭಾರತದ ಪುರಾತತ್ವ ಸರ್ವೇಕ್ಷಣೆಯ ಮೊದಲ ಹಂಗಾಮಿನ ಕೆಲಸವನ್ನು 1874ರ ಜನವರಿಯಿಂದ ಮೇ ತನಕ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳಲ್ಲಿ ನಡೆಸಿದ ಜೇಮ್ಸ್ ಬರ್ಜೆಸ್ ಸ್ಕಾಟ್ಲೆಂಡಿನ ಡಂಫ್ರೀಸ್ ಕಡೆಯವನು. ಹಳೆಯ ಗುಡಿ, ಶಾಸನಗಳ ಪಟ್ಟಿ ಮಾಡಬೇಕೆಂಬ ಬುದ್ಧಿ ಅವನಿಗೆ ಹುಟ್ಟಿದ್ದು ಹೆಚ್ಚಲ್ಲ. ಆ ಕೆಲಸಕ್ಕೆ ಮೊದಲು ಆರಿಸಿಕೊಂಡದ್ದು ನಮ್ಮ ಜಿಲ್ಲೆಯನ್ನು ಎಂಬುದು ಹೆಚ್ಚು. ಅಂದರೆ ನೋಡಲು ಇಲ್ಲಿ ಏನೋ ಇತ್ತು.

ಅವನಿಗಿಂತ ಏಳುನೂರು ವರ್ಷ ಮೊದಲೇ ಇಲ್ಲಿಗೆ ಒಬ್ಬ ಪ್ರವಾಸಿ ಬಂದಿದ್ದ. ಚಿಕ್ಕೋಡಿ ತಾಲ್ಲೂಕಿನ ಯಕ್ಸಂಬಾ ನಮಗೆಲ್ಲ ಗೊತ್ತಿರುವ ಊರು. ಶಾಸನಗಳಲ್ಲಿ ಅದರ ಹೆಸರು ಏಕ್ಕಸಂಬುಗೆ. ಕೊಲ್ಹಾಪುರದ ಶಿಲಾಹಾರ ದೊರೆ ವಿಜಯಾದಿತ್ಯನ ದಂಡನಾಯಕ ಕಾಳಣ ಅಲ್ಲಿ ನೇಮಿನಾಥ ಬಸದಿ ಕಟ್ಟಿಸಿದ. ಅದರ ಕೀರ್ತಿ ಕೇಳಿ ನೆರೆಯ ರಾಜ್ಯದ ರಟ್ಟರ ದೊರೆ ಕಾರ್ತವೀರ್ಯ ನೋಡಲು ಬಂದ, ಮೆಚ್ಚಿ ದತ್ತಿ ಬಿಟ್ಟ ಎಂದು 1165ರ ಶಾಸನ ಹೇಳುತ್ತದೆ. ಬೇರೆ ರಾಜ್ಯದವರ ಕಟ್ಟಡ, ಬೇರೆಯವರ ಸೇನಾನಿ ಕಟ್ಟಿಸಿದ್ದು. ಆದರೂ ಚೆನ್ನಾಗಿದೆ ಎಂದು ಕೇಳಿ ದೊರೆ ಗಡಿ ದಾಟಿ ಬಂದ. ನೋಡುವುದಕ್ಕಾಗಿ ಪ್ರಯಾಣ ಮಾಡುವ ರೂಢಿ ಈ ಮಣ್ಣಿಗೆ ಹೊಸದಲ್ಲ. ಬಸದಿ ಯಾಪನೀಯ ಸಂಘಕ್ಕೆ ಸೇರಿದ್ದು. ದಿಗಂಬರ, ಶ್ವೇತಾಂಬರಗಳ ನಡುವೆ ಸೇತುವೆಯಂತಿದ್ದ ಈ ಜೈನ ಪಂಥ ಮುಂದೆ ಕಣ್ಮರೆಯಾಯಿತು. ಆ ಸಂಘದ ಹೆಸರು ಹೇಳುವ ತೀರ ಕೊನೆಯ ಶಾಸನಗಳಲ್ಲೊಂದು, 1394ರದು, ಸಿಕ್ಕಿರುವುದು ಕಾಗವಾಡದ ಬಸದಿಯ ನೆಲಮಾಳಿಗೆಯಲ್ಲಿ. ಒಂದು ಪಂಥದ ಏರುಗಾಲ, ಇಳಿಗಾಲ ಎರಡಕ್ಕೂ ಸಾಕ್ಷಿಯಾದ ಊರುಗಳು ಬಸ್ಸಿನಲ್ಲಿ ಅರ್ಧ ದಿನದೊಳಗೆ ಮುಗಿಯುವ ದಾರಿಯಲ್ಲಿವೆ.

ಇನ್ನು ನಮ್ಮ ನೀರಿನ ಮಾತು. ನಮ್ಮಲ್ಲಿ ಲಾಖ್‌ಗಳಿಲ್ಲ, ಹೊಳೆಗಳಿವೆ. ನಿಪ್ಪಾಣಿ ತಾಲ್ಲೂಕಿನ ಭೋಜ ಗ್ರಾಮದ ಹತ್ತಿರ ವೇದಗಂಗೆ ದೂಧಗಂಗೆಯನ್ನು ಕೂಡುತ್ತದೆ. ದೂಧಗಂಗೆ ಸದಲಗಾ ದಾಟಿ ಕಲ್ಲೋಳ, ಯಡೂರಿನ ಬಳಿ ಕೃಷ್ಣೆಯನ್ನು ಸೇರುತ್ತದೆ. ಮೂರು ನದಿ, ಎರಡು ಸಂಗಮ. ಅವುಗಳ ಅಡ್ಡಲಾಗಿ ಕೊಲ್ಹಾಪುರ ಮಾದರಿಯ ಬಾಂದಾರಗಳು. ಕಲ್ಲಿನ ಕಂಬಗಳ ನಡುವೆ ಹಲಗೆ ಇಳಿಸಿ ಬೇಸಿಗೆಗೆ ನೀರು ಹಿಡಿಯುವುದು, ಮಳೆಗಾಲಕ್ಕೆ ಹಲಗೆ ತೆಗೆದು ಹೊಳೆಗೆ ದಾರಿ ಬಿಡುವುದು ಇದರ ಕ್ರಮ. ಬಾಂದಾರದ ತಲೆಯ ಮೇಲೆಯೇ ರಸ್ತೆ. ಕಾರದಗಾ-ಭೋಜ, ಜತ್ರಾಟ-ಭೀವಶಿ, ಅಕ್ಕೋಳ-ಸಿದ್ನಾಳ, ಮಲಿಕವಾಡ-ದತ್ತವಾಡ, ಕಲ್ಲೋಳ-ಯಡೂರ ಎಂಬ ಜೋಡಿ ಹೆಸರುಗಳನ್ನು ತಾವು ಮಳೆಗಾಲದ ಪತ್ರಿಕೆಗಳಲ್ಲಿ ಓದಿರುತ್ತೀರಿ. ಪ್ರತಿ ವರ್ಷ ಮೊದಲು ಮುಳುಗುವ ಸೇತುವೆಗಳು ಇವೇ. ಆದರೆ ಕಾರ್ತಿಕ ಮಾಸದ ಒಂದು ಸಂಜೆ ಇವುಗಳ ಮೇಲೆ ನಿಂತು ನೋಡಬೇಕು. ಒಂದು ಬದಿಗೆ ತುಂಬಿ ನಿಂತ ನೀರು, ಇನ್ನೊಂದು ಬದಿಗೆ ಕಂಬಗಳ ಸಂದಿಯಿಂದ ಇಳಿಯುವ ನೀರು, ಎರಡೂ ದಂಡೆಗೆ ಕಬ್ಬಿನ ಸೂಲಂಗಿ. ಲಾಖ್ ನೋಡಲು ಹೋದವರು ದೋಣಿಯಲ್ಲಿ ತಾಸುಗಟ್ಟಲೆ ಕೂಡುತ್ತಾರೆ. ನಮಗೆ ಸೇತುವೆಯ ಮೇಲೆ ಅರ್ಧ ತಾಸು ನಿಲ್ಲುವ ತಾಳ್ಮೆ ಸಾಕು.

ಈ ನೀರಿನ ದಂಡೆಯಲ್ಲಿ ನಮ್ಮ ಅತ್ಯುತ್ತಮ ಕಟ್ಟಡವಿದೆ. ಸರಕಾರಿ ಲೆಕ್ಕದಲ್ಲಿ ಅದು ನಮ್ಮದಲ್ಲ. ಕಾಗವಾಡ ತಾಲ್ಲೂಕಿನ ಜುಗೂಳದಿಂದ ನೋಡಿದರೆ ಕೃಷ್ಣೆಯ ಆಚೆ ದಂಡೆಗೆ ಖಿದ್ರಾಪುರ. ಅದು ಮಹಾರಾಷ್ಟ್ರದ ಶಿರೋಳ ತಾಲ್ಲೂಕು. ಅಲ್ಲಿನ ಕೋಪೇಶ್ವರ ದೇವಾಲಯ ಹನ್ನೆರಡನೆಯ ಶತಮಾನದ ಶಿಲಾಹಾರರ ಕಾಲದ್ದು. ತಳಪಾಯದ ಸುತ್ತ ಸಾಲು ಆನೆಗಳು ಗುಡಿಯನ್ನು ಬೆನ್ನ ಮೇಲೆ ಹೊತ್ತು ನಿಂತಿವೆ. ಮುಂದಿನ ಸ್ವರ್ಗಮಂಟಪದಲ್ಲಿ 48 ಕಂಬಗಳು. ಛಾವಣಿಯ ನಡುವೆ ದುಂಡಗೆ ತೆರೆದ ಬಯಲು. ಕೆಳಗೆ ಅದೇ ಅಳತೆಯ ದುಂಡು ಕಲ್ಲು. ಹಗಲು ಸೂರ್ಯನ ಬೆಳಕು, ಹುಣ್ಣಿಮೆಗೆ ಬೆಳದಿಂಗಳು ನೇರವಾಗಿ ಅದರ ಮೇಲೆ ಬೀಳುತ್ತದೆ. ಸೇವುಣರ ಸಿಂಘಣ ಇಲ್ಲಿ ದತ್ತಿ ಬಿಟ್ಟ ಹದಿಮೂರನೆಯ ಶತಮಾನದ ಸಂಸ್ಕೃತ ಶಾಸನವಿದೆ. ಅದರೊಡನೆ ಕನ್ನಡ ಶಾಸನಗಳೂ ಇವೆ.

ಶಿವಾಲಯಕ್ಕೆ ಹೋದವರು ಮೊದಲು ಹುಡುಕುವುದು ನಂದಿಯನ್ನು. ಕೋಪೇಶ್ವರನ ಮುಂದೆ ನಂದಿಯಿಲ್ಲ. ಸ್ಥಳಪುರಾಣ ಹೀಗೆ ಹೇಳುತ್ತದೆ: ಸತೀದೇವಿ ತಂದೆ ದಕ್ಷನ ಯಜ್ಞಕ್ಕೆ ಹೊರಟಾಗ ನಂದಿಯನ್ನು ಏರಿ ಹೋದಳು, ಅಲ್ಲಿ ಅವಮಾನಗೊಂಡು ಪ್ರಾಣ ಬಿಟ್ಟಳು. ಸುದ್ದಿ ಕೇಳಿ ಕೋಪಗೊಂಡ ಶಿವನೇ ಕೋಪೇಶ್ವರ. ಅವನನ್ನು ಸಮಾಧಾನ ಮಾಡಲು ಬಂದ ವಿಷ್ಣು ಧೋಪೇಶ್ವರನೆಂಬ ಹೆಸರಿನಿಂದ ಅದೇ ಗರ್ಭಗುಡಿಯಲ್ಲಿದ್ದಾನೆ. ಸತಿಯೊಡನೆ ಹೋದ ನಂದಿ ಮರಳಿ ಬರಲಿಲ್ಲ, ಯಡೂರಿನಲ್ಲಿ ಉಳಿಯಿತು. ಯಡೂರು ಇರುವುದು ನಮ್ಮ ಚಿಕ್ಕೋಡಿ ತಾಲ್ಲೂಕಿನಲ್ಲಿ. ಅಲ್ಲಿ ನೆಲೆಸಿದ ದೇವರು ವೀರಭದ್ರ, ಅಂದರೆ ದಕ್ಷನ ಯಜ್ಞವನ್ನು ಕೆಡಿಸಿದವನೇ. ಒಂದು ಕಥೆಯ ಅರ್ಧ ಖಿದ್ರಾಪುರದಲ್ಲಿ, ಇನ್ನರ್ಧ ಯಡೂರಿನಲ್ಲಿ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಈ ಕಥೆಯ ನಡುವೆ ಗಡಿ ಬಂತು. ದೇವರು ಅತ್ತ, ಅವನ ನಂದಿ ಇತ್ತ. ಭಕ್ತರು ಇದನ್ನು ಲೆಕ್ಕಕ್ಕಿಟ್ಟುಕೊಂಡಿಲ್ಲ. ಎರಡೂ ಕಡೆ ಹೋಗಿ ಬರುತ್ತಾರೆ. ಆದರೆ ಪ್ರವಾಸದ ಪುಸ್ತಿಕೆಗಳು ತಮ್ಮ ತಮ್ಮ ರಾಜ್ಯದ ಗಡಿಗೆ ನಿಂತುಬಿಡುತ್ತವೆ. ಖಿದ್ರಾಪುರ ನೋಡಿದ ಪುಣೆಯವನಿಗೆ ಯಡೂರು ಗೊತ್ತಿಲ್ಲ. ಯಡೂರಿಗೆ ಹೋದ ಬೆಂಗಳೂರಿನವನಿಗೆ ಖಿದ್ರಾಪುರ ಗೊತ್ತಿಲ್ಲ. ಲಾಖ್ ಕ್ಯಾಟ್ರಿನ್‌ಗೆ ಸ್ಕಾಟ್ ಕಥೆ ಕಟ್ಟಿಕೊಡಬೇಕಾಯಿತು. ನಮ್ಮಲ್ಲಿ ಕಥೆ ಸಿದ್ಧವಾಗಿದೆ, ಪೂರ್ತಿ ಹೇಳುವವರಿಲ್ಲ.

ಕೋಟೆಗೆ ನಿಪ್ಪಾಣಿಗೆ ಹೋಗಬೇಕು. ಪೇಶ್ವೆಯ ಸರಲಷ್ಕರನಾಗಿದ್ದ ಸಿದ್ಧೋಜಿರಾವ ನಾಯಿಕ ನಿಂಬಾಳಕರ, ಜನರ ಬಾಯಲ್ಲಿ ಆಪ್ಪಾಸಾಹೇಬ ದೇಸಾಯಿ, ನಿಪ್ಪಾಣಿಯನ್ನು ಪೇಟೆಯಾಗಿ ಬೆಳೆಸಿದವನು. ಎಲ್ಫಿನ್‌ಸ್ಟನ್ನನ ಜೊತೆ ಕರಾರು ಮಾಡಿಕೊಂಡು ಉಳಿದವರಲ್ಲಿ ಅವನೂ ಒಬ್ಬ. ಅವನು 1839ರಲ್ಲಿ ತೀರಿಕೊಂಡ ಮೇಲೆ ಸಂಸ್ಥಾನವನ್ನು ಕಂಪನಿ ಸರಕಾರ ತನ್ನದಾಗಿಸಿಕೊಂಡಿತು. 1841ರಲ್ಲಿ ಅರಬ ಸಿಪಾಯಿಗಳು ಕೋಟೆ ಹಿಡಿದು ದಂಗೆ ಎದ್ದರು. ದಂಗೆ ಅಡಗಿಸಿದ ಸರಕಾರ ಕೋಟೆಯನ್ನು ಕೆಡವಿಸಿತು. ಐಲೀನ್ ಡೊನನ್ ಕಥೆಯೇ ಇಲ್ಲಿಯೂ ನಡೆದದ್ದು. ಮರಳಿ ಕಟ್ಟಿದ ಅಧ್ಯಾಯ ಮಾತ್ರ ಇಲ್ಲ. ಮರಳಿ ಕಟ್ಟಲೇಬೇಕೆಂದು ನಾನು ಹೇಳುವುದಿಲ್ಲ. ಉಳಿದ ವಾಡೆ, ಬಾಗಿಲು, ಗೋಡೆಗಳ ಮುಂದೆ ಇದು ಇಂಥವರದು, ಇಂಥ ವರ್ಷ ಹೀಗಾಯಿತು ಎಂದು ಒಂದು ಫಲಕವಿದ್ದರೂ ಶಾಲೆಯ ಹುಡುಗರು ನಿಂತು ಓದಿಯಾರು. ಅದೇ ಊರಿನ ಹೆದ್ದಾರಿಯಲ್ಲಿ 1981ರಲ್ಲಿ ತಂಬಾಕು ಬೆಳೆಗಾರರು ಯೋಗ್ಯ ಬೆಲೆ ಕೇಳಿ ಕುಳಿತಿದ್ದರು. ಏಪ್ರಿಲ್ 6ರ ಗೋಳಿಬಾರಿನಲ್ಲಿ ರೈತರು ಪ್ರಾಣ ತೆತ್ತರು. ಬೆಂಗಳೂರು-ಪುಣೆ ನಡುವೆ ಓಡಾಡುವ ಲಕ್ಷಾಂತರ ಜನ ಆ ಜಾಗವನ್ನು ದಿನವೂ ದಾಟುತ್ತಾರೆ. ಓಡುವ ಗಾಡಿಯಿಂದ ಇತಿಹಾಸ ಕಾಣುವುದಿಲ್ಲ. ಊರ ದಕ್ಷಿಣಕ್ಕೆ ಘಟ್ಟದ ಮೇಲಿರುವ ಸ್ತವನಿಧಿಯ ಜೈನ ಕ್ಷೇತ್ರವೂ ಹಾಗೆಯೇ. ಇಳಿದವರಿಗೆ ಮಾತ್ರ ಅದು ಕಾಣುತ್ತದೆ.

ಇನ್ನು ತೋಟ. ರಾಯಬಾಗದ ಹಳೆಯ ಹೆಸರು ಶಾಸನಗಳಲ್ಲಿ ಹೂವಿನಬಾಗೆ. ಆ ಹೆಸರಿಗೆ ತಕ್ಕ ರಾಜೋದ್ಯಾನ ಈಗಿಲ್ಲ. ಆದರೆ ತೋಟವೆಂಬ ಮಾತಿಗೆ ನಮ್ಮ ಕಡೆ ಇರುವ ಅರ್ಥವೇ ಬೇರೆ. ಮೈಸೂರಿನವರಿಗೆ ತೋಟವೆಂದರೆ ಹೂವು, ಅಡಿಕೆ. ನಮಗೆ ತೋಟವೆಂದರೆ ಬಾವಿಯಿದ್ದ ನೀರಾವರಿ ಹೊಲ, ಅದರಲ್ಲಿ ಮನೆ, ದನದ ಕೊಟ್ಟಿಗೆ. “ಎಲ್ಲಿರತೀರಿ?” ಎಂದರೆ “ತೋಟದಾಗ” ಎಂಬ ಉತ್ತರ ರಾಯಬಾಗ, ಅಥಣಿ ಕಡೆ ಸಾಮಾನ್ಯ. ಅಲ್ಲಿ ಕಬ್ಬಿನ ಜೊತೆ ಎಲೆಬಳ್ಳಿ, ಅರಿಷಿಣ. ಪೂರ್ವಕ್ಕೆ ಒಣನೆಲದ ಅಥಣಿ ಸೀಮೆಗೆ ಹೋದರೆ ದ್ರಾಕ್ಷಿ. ಬಂಡೆಯ ಮೇಲೆ ಮಣ್ಣು ಹೊತ್ತು ಹಾಕಿದ ಮೆಕೆಂಜಿಯನ್ನು ಹೊಗಳುವವರು, ಕಡಿಮೆ ಮಳೆಯ ನೆಲದಲ್ಲಿ ಹನಿ ಹನಿ ನೀರು ಕೊಟ್ಟು ದ್ರಾಕ್ಷಿ ಬೆಳೆದವನ ಬೆವರನ್ನೂ ನೋಡಬೇಕಲ್ಲವೆ?

ಸಾವಕಾಶವಾಗಿ ತಿರುಗುವುದು ನಮಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆ ಮಾಘ ಮಾಸದಲ್ಲಿ, ಭಾರತ ಹುಣ್ಣಿಮೆಯ ಸುತ್ತ ನಡೆಯುತ್ತದೆ. ಕರ್ನಾಟಕದಿಂದಷ್ಟೇ ಅಲ್ಲ, ಮಹಾರಾಷ್ಟ್ರದಿಂದಲೂ ಚಕ್ಕಡಿ ಕಟ್ಟಿಕೊಂಡು ಮನೆಮಂದಿಯೆಲ್ಲ ಬರುತ್ತಾರೆ. ಎತ್ತಿನ ನಡಿಗೆಯ ವೇಗದಲ್ಲಿ ದಿನಗಟ್ಟಲೆ ದಾರಿ, ರಾತ್ರಿ ಹೊಳೆದಂಡೆಯಲ್ಲಿ ಬೀಡು, ಮೂರು ಕಲ್ಲಿನ ಒಲೆ, ದೇವಿಗೆ ಹೋಳಿಗೆಯ ಎಡೆ, ಮೈತುಂಬ ಭಂಡಾರ. ಥಾಮಸ್ ಕುಕ್ ಕಂಪನಿಗೆ ಹಣ ಕೊಡದೆಯೇ ನಮ್ಮ ಅಜ್ಜ-ಅಜ್ಜಿಯರು ಮಾಡಿದ ಪ್ರವಾಸವಿದು. ಮಂಗಸೂಳಿಯ ಖಂಡೋಬನಿಗೆ ಹೋಗುವವರದೂ ಇದೇ ದಾರಿ.

ಇನ್ನೂ ಸಾವಕಾಶದ ಪ್ರಯಾಣ ಮಾಡಿದವರು ಇಲ್ಲಿಯೇ ಹುಟ್ಟಿದ್ದಾರೆ. ದಿಗಂಬರ ಮುನಿಗಳು ವಾಹನ ಏರುವುದಿಲ್ಲ; ಚಾತುರ್ಮಾಸದ ನಾಲ್ಕು ತಿಂಗಳು ಬಿಟ್ಟರೆ ನಡೆಯುತ್ತಲೇ ಇರುತ್ತಾರೆ. ಇಪ್ಪತ್ತನೆಯ ಶತಮಾನದಲ್ಲಿ ಈ ಪರಂಪರೆಗೆ ಮರುಜೀವ ಕೊಟ್ಟ ಆಚಾರ್ಯ ಶಾಂತಿಸಾಗರರು 1872ರಲ್ಲಿ ಹುಟ್ಟಿದ ಭೋಜ ಗ್ರಾಮದ ಮನೆತನದವರು. ವಿದ್ಯಾನಂದ ಮುನಿಗಳು 1925ರಲ್ಲಿ ಶೇಡಬಾಳದಲ್ಲಿ, ವಿದ್ಯಾಸಾಗರರು 1946ರಲ್ಲಿ ಸದಲಗಾದಲ್ಲಿ ಜನಿಸಿದರು. ಮೂವರೂ ಕಾಲ್ನಡಿಗೆಯಲ್ಲಿಯೇ ಉತ್ತರ ಭಾರತವನ್ನು ಕಂಡವರು. ಅಥಣಿಯ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳು (1836-1921) ಇದೇ ಸೀಮೆಯ ನದಿ ಇಂಗಳಗಾಂವದವರು. ಅವರಿದ್ದ ಕಡೆಗೆ ನಾಡೇ ನಡೆದು ಬಂತು.

ನಡೆಯುವವರಿಗೆ ಕಾಲ್ಮರಿ ಬೇಕು. ಕೊಲ್ಹಾಪುರಿ ಎಂದು ಜಗತ್ತು ಕರೆಯುವ ಚಪ್ಪಲಿಗಳಲ್ಲಿ ಬಹಳಷ್ಟು ಅಥಣಿ, ನಿಪ್ಪಾಣಿ ಸೀಮೆಯಲ್ಲಿ ತಯಾರಾಗುತ್ತವೆ. ಮರದ ತೊಗಟೆ, ಅಳಲೆಕಾಯಿಗಳಿಂದ ಹದ ಮಾಡಿದ ತೊಗಲು, ಹೆಣ್ಣುಮಕ್ಕಳು ಹೆಣೆದ ಜಡೆ. 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಕದ ಮಾನ್ಯತೆ ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಕೂಡಿಯೇ ಇದೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ಪ್ರದರ್ಶನದಲ್ಲಿ ಇಂಥದೇ ಚಪ್ಪಲಿ ತೋರಿಸಿತು. ಗದ್ದಲವಾದ ಮೇಲೆ ಇದರ ಮೂಲ ಭಾರತದ ಕೈಕಸಬು ಎಂದು ಒಪ್ಪಿಕೊಂಡಿತು. ಮಿಲಾನಿನವರ ಕಣ್ಣಿಗೆ ಬಿದ್ದದ್ದು ಅಥಣಿಯ ಪೇಟೆಯಲ್ಲಿ ಬಸ್ಸಿಗೆ ಕಾಯುವ ನಮ್ಮ ಕಣ್ಣಿಗೆ ಬೀಳುವುದು ಯಾವಾಗ?

ಇಷ್ಟೆಲ್ಲ ಹೇಳಿ ಒಂದು ಎಚ್ಚರಿಕೆಯ ಮಾತು ಹೇಳದಿದ್ದರೆ ತಪ್ಪಾದೀತು. ಲಾಖ್‌ನ ನೀರು ನಿಂತ ನೀರು. ಕೃಷ್ಣೆ ಹಾಗಲ್ಲ. 2005, 2019, 2021ರಲ್ಲಿ ಈ ತಾಲ್ಲೂಕುಗಳ ಹೊಳೆಸಾಲಿನ ಊರುಗಳು ಮುಳುಗಿದವು. ಜನ ದನಕರು ಹೊಡೆದುಕೊಂಡು ಕಾಳಜಿ ಕೇಂದ್ರಗಳಿಗೆ ಹೋದರು. ಮನೆ ಬಿದ್ದವು, ಕಬ್ಬು ಕೊಳೆಯಿತು. ಅದೇ ದಿನಗಳಲ್ಲಿ ಸೇತುವೆಯ ಹತ್ತಿರ ನೀರು ನೋಡಲು ಬಂದವರ ಗದ್ದಲವೂ ಇತ್ತು. ಒಬ್ಬರ ಆಪತ್ತು ಇನ್ನೊಬ್ಬರ ನೋಟವಾಗಬಾರದು. ಪ್ರತಿ ಮಹಾಪೂರಕ್ಕೂ ದಂಡೆಯ ಊರುಗಳನ್ನು ಎತ್ತರಕ್ಕೆ ಸ್ಥಳಾಂತರಿಸುವ ಮಾತು ಏಳುತ್ತದೆ. ಹೋಗುವುದು ಅನಿವಾರ್ಯವಾದರೆ ಹೋಗಬೇಕು. ಆದರೆ ಊರು ಹೋಗುವಾಗ ಅದರ ಗುಡಿಯ ಶಾಸನ, ವೀರಗಲ್ಲು, ಘಟ್ಟದ ಮೆಟ್ಟಿಲು, ಹೊಳೆಯ ಕಥೆ ಏನಾಗುತ್ತವೆ ಎಂದು ಈಗಲೇ ವಿಚಾರ ಮಾಡಬೇಕು. ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಜನ ಹೋದರು, ನೋಟ ಉಳಿಯಿತು. ನಮ್ಮಲ್ಲಿ ಜನ ಹೋದರೆ ನೋಟವೂ ಹೋಗುತ್ತದೆ, ಏಕೆಂದರೆ ನಮ್ಮ ಗುಡಿ, ಜಾತ್ರೆ, ತೋಟ ಎಲ್ಲ ಜನರಿಂದಲೇ ಜೀವಂತ.

ಆದ್ದರಿಂದ ಈ ದೀಪಾವಳಿಯ ನಂತರ, ಹೊಳೆ ಇಳಿದ ಮೇಲೆ, ನಾಲ್ಕು ದಿನ ತೆಗೆದಿಡಿ. ಮೊದಲ ದಿನ ನಿಪ್ಪಾಣಿ, ಸ್ತವನಿಧಿ, ಸಂಜೆಗೆ ಭೋಜದ ಸಂಗಮ. ಎರಡನೆಯ ದಿನ ಯಕ್ಸಂಬಾ, ಸದಲಗಾ, ಖಿದ್ರಾಪುರ, ಯಡೂರು. ದೇವರನ್ನೂ ನಂದಿಯನ್ನೂ ಒಂದೇ ದಿನ ನೋಡಿ. ಮೂರನೆಯ ದಿನ ನಿಧಾನ ಗಾಡಿ ಹಿಡಿದು ಶೇಡಬಾಳದಿಂದ ಉ್ಗಾರ, ಕುಡಚಿ, ಚಿಂಚಲಿ, ರಾಯಬಾಗದ ತನಕ ಹೋಗಿ. ಕೃಷ್ಣೆಯ ರೈಲು ಸೇತುವೆ ಬಂದಾಗ ಕಿಟಕಿಯ ಹತ್ತಿರ ಕೂಡಿ. ನಾಲ್ಕನೆಯ ದಿನ ಅಥಣಿ, ಮಂಗಸೂಳಿ, ಕಾಗವಾಡ. ಹೋಗುವಾಗ ಮನೆಯ ಹಿರಿಯರನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗಿ, ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಪ್ರತಿ ಊರಿನಲ್ಲಿ ಒಬ್ಬ ಮುದುಕರನ್ನು ಕೇಳಿ ಅವರು ಹೇಳಿದ್ದನ್ನು ಬರೆದುಕೊಳ್ಳಿ. ಶಿಕ್ಷಕರು ಇಲ್ಲಿ ಬಹಳ ಜನ ಕುಳಿತಿದ್ದೀರಿ. ನಿಮ್ಮ ಶಾಲೆಯ ಊರಿನಲ್ಲಿರುವ ಹಳೆಯ ಕಲ್ಲು, ಗುಡಿ, ವಾಡೆಗಳ ಪಟ್ಟಿಯನ್ನು ಮಕ್ಕಳಿಂದ ಮಾಡಿಸಿ, ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆಯಿಸಿ ಪಂಚಾಯತಿ ಗೋಡೆಗೆ ಹಚ್ಚಿಸಿ. ಬರ್ಜೆಸ್ 1874ರಲ್ಲಿ ಶುರು ಮಾಡಿದ ಪಟ್ಟಿಯನ್ನು ನಮ್ಮ ಮಕ್ಕಳು ಮುಂದುವರಿಸಲಿ.